ಪಿಂಪಲ್ಸ್ ಹಾಕಿ ಆಡೋದು ಮೋಸ ಅಲ್ಲ ಸ್ವಾಮಿ

ನಮ್ಮ ಹಾಸ್ಟೆಲ್‌ಗಳಲ್ಲಿ ಟಿಟಿ ಟೇಬಲ್ ಸುತ್ತ ನಡೆಯೋ ವಾದಗಳು ಮುಖ್ಯವಾಗಿ ಎರಡೇ. ಒಂದು, ಎಲ್ಲರಿಗಿಂತ ದೊಡ್ಡ ಆಟಗಾರ ಯಾರು: ಮಾ ಲಾಂಗ್, ಜಾಂಗ್ ಜಿಕೆ, ಇಲ್ಲಾ ಫ್ಯಾನ್ ಝೆಂಡಾಂಗ್? ಇನ್ನೊಂದು, ಬ್ಯಾಟಿಗೆ ಪಿಂಪಲ್ಸ್ ರಬ್ಬರ್ ಹಾಕಿಕೊಂಡು ಬರುವವರು ಆಡೋದು ಆಟವಾ, ಮೋಸವಾ? ಮೊದಲನೇ ಪ್ರಶ್ನೆಗೆ ರಾತ್ರಿ ಎರಡು ಗಂಟೆ ಆದರೂ ಉತ್ತರ ಸಿಗಲ್ಲ. ಎರಡನೆಯದಕ್ಕೆ ಉತ್ತರ ಇದೆ, ಆದರೆ ತುಂಬಾ ಜನ ತಪ್ಪು ಉತ್ತರ ಹೇಳ್ತಾರೆ. ನಮಗೆ ಅನ್ನಿಸೋದು ಏನೆಂದರೆ, ಈ ಎರಡೂ ವಾದಗಳ ಬೇರು ಒಂದೇ. ಟಿಟಿ ಆಡೋಕೆ ಒಂದೇ ಸರಿಯಾದ ಶೈಲಿ ಇದೆ, ಎಲ್ಲರನ್ನೂ ಅದರಲ್ಲೇ ಅಳೆಯಬಹುದು ಅನ್ನೋ ನಂಬಿಕೆ.

ಮೊದಲ ವಾದವನ್ನೇ ನೋಡೋಣ. ಮಾ ಲಾಂಗ್, ಜಾಂಗ್ ಜಿಕೆ ಹೆಸರು ಎಲ್ಲರೂ ಹೇಳ್ತಾರೆ, ಆದರೆ ಇವರ ಕಥೆಯಲ್ಲಿ ಮೂರನೆಯವರೊಬ್ಬರಿದ್ದಾರೆ, ವಾಂಗ್ ಹಾವೊ. ಅವರದು ಪೆನ್‌ಹೋಲ್ಡ್ ಹಿಡಿತ, ಅಂದರೆ ಪೆನ್ನು ಹಿಡಿದ ಹಾಗೆ ಬ್ಯಾಟ್ ಹಿಡಿಯೋದು. ಹಳೇ ಪೆನ್‌ಹೋಲ್ಡ್ ಆಟಗಾರರು ಬ್ಯಾಟಿನ ಒಂದೇ ಮುಖದಿಂದ ಎರಡೂ ಕಡೆ ಹೊಡೀತಿದ್ದರು, ಹಾಗಾಗಿ ಅವರ ಬ್ಯಾಕ್‌ಹ್ಯಾಂಡ್ ಸ್ವಲ್ಪ ಬಡವ. ವಾಂಗ್ ಹಾವೊ ಬ್ಯಾಟಿನ ಹಿಂಬದಿಗೂ ರಬ್ಬರ್ ಹಾಕಿ, ಅದರಿಂದಲೇ ಬ್ಯಾಕ್‌ಹ್ಯಾಂಡ್ ಟಾಪ್‌ಸ್ಪಿನ್ ಹೊಡೆದರು. 2009, 2011, 2013, ಮೂರು ವಿಶ್ವ ಚಾಂಪಿಯನ್‌ಶಿಪ್‌ಗಳ ಸೆಮಿಫೈನಲ್‌ನಲ್ಲೂ ಮಾ ಲಾಂಗ್ ಸೋತದ್ದು ಇವರಿಗೇ.

ಹಾಗಾದರೆ ವಾಂಗ್ ಹಾವೊ ಎಲ್ಲರಿಗಿಂತ ದೊಡ್ಡವರಾ? ಅದೂ ಇಲ್ಲ. 2011 ಮತ್ತು 2013ರ ವಿಶ್ವ ಫೈನಲ್, 2012ರ ಲಂಡನ್ ಒಲಿಂಪಿಕ್ಸ್ ಫೈನಲ್, ಮೂರರಲ್ಲೂ ವಾಂಗ್ ಹಾವೊ ಸೋತರು, ಮೂರು ಸಲವೂ ಜಾಂಗ್ ಜಿಕೆಗೆ. ಜಾಂಗ್ ಅವರ ಬಲ ಬ್ಯಾಕ್‌ಹ್ಯಾಂಡ್. ಟೇಬಲ್ ಮೇಲೇ ಎರಡು ಸಲ ಪುಟಿಯೋ ಅಷ್ಟು ಚಿಕ್ಕ ಸರ್ವ್ ಬಂದರೂ ಮಣಿಕಟ್ಟು ತಿರುಗಿಸಿ ಅಲ್ಲೇ ಅಟ್ಯಾಕ್ ಮಾಡೋರು. ಸರಿ, ಜಾಂಗ್ ದೊಡ್ಡವರು ಅಂತ ಬರೆದುಕೊಳ್ಳೋಣ ಅಂದರೆ, 2016ರ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಮಾ ಲಾಂಗ್ ಅವರನ್ನು 4-0 ಸೋಲಿಸಿದರು.

ಡಿಸ್ಕ್ರೀಟ್ ಮ್ಯಾಥ್ಸ್ ಓದಿದವರಿಗೆ ಇದು ಏನು ಅಂತ ಗೊತ್ತು. ಎ ಬಿಯನ್ನು ಸೋಲಿಸಿ, ಬಿ ಸಿಯನ್ನು ಸೋಲಿಸಿದರೆ, ಎ ಸಿಯನ್ನು ಸೋಲಿಸಲೇಬೇಕು ಅಂತೇನಿಲ್ಲ. ಟಿಟಿಯಲ್ಲಿ ಗೆಲುವು ಟ್ರಾನ್ಸಿಟಿವ್ ಅಲ್ಲ. ಮೂವರನ್ನೂ ಒಂದು ಏಣಿಯ ಮೇಲೆ ನಿಲ್ಲಿಸೋಕೆ ಹೋದರೆ ಅವರು ವೃತ್ತದಲ್ಲಿ ನಿಲ್ತಾರೆ. ಮಾ ಲಾಂಗ್ ಆ ಮೂರು ಸಲ ಸೋತದ್ದು ಒತ್ತಡಕ್ಕೆ ಅಂತ ಹೇಳೋರಿದ್ದಾರೆ. ಅದೂ ಇರಬಹುದು. ಆದರೆ ಅದೇ ಒತ್ತಡದಲ್ಲಿ ಬೇರೆಯವರನ್ನೆಲ್ಲ ದಾಟಿ ಸೆಮಿಫೈನಲ್ ತನಕ ಬಂದವರು ಒಬ್ಬರ ಎದುರೇ ಮೂರು ಸಲ ನಿಂತುಹೋದರು ಅಂದಾಗ, ಎದುರಿಗಿದ್ದ ಶೈಲಿಯನ್ನೂ ನೋಡಬೇಕಲ್ಲವಾ? ವಾಂಗ್ ಹಾವೊ ನಿವೃತ್ತಿ ಹೇಳಿದ್ದು 2014ರ ಕೊನೆಗೆ. ಮಾ ಲಾಂಗ್ ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು 2015ರಲ್ಲಿ. ಇದರಿಂದ ಮಾ ಲಾಂಗ್ ಚಿಕ್ಕವರಾಗಲ್ಲ. ಆಮೇಲೆ 2017, 2019ರಲ್ಲೂ ವಿಶ್ವ ಚಾಂಪಿಯನ್, ರಿಯೊ ಮತ್ತು ಟೋಕಿಯೊ ಎರಡರಲ್ಲೂ ಸಿಂಗಲ್ಸ್ ಚಿನ್ನ. ನಾವು ಹೇಳೋದು ಇಷ್ಟೇ: ಟೇಬಲ್‌ನ ಎರಡು ಕಡೆ ಇಬ್ಬರು ಮನುಷ್ಯರು ಮಾತ್ರ ಆಡಲ್ಲ, ಎರಡು ಶೈಲಿಗಳೂ ಆಡ್ತಾವೆ.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿರೋದು ಚೀನಾ. 1989, 1991, 1993, ಸತತ ಮೂರು ಸಲ ಪುರುಷರ ತಂಡ ಪ್ರಶಸ್ತಿಯನ್ನು ಸ್ವೀಡನ್ ಹೊಡೀತು. 1989ರ ಫೈನಲ್‌ನಲ್ಲಂತೂ ಚೀನಾ 5-0 ಸೋತಿತ್ತು. 1995ರಲ್ಲಿ ತಿಯಾನ್‌ಜಿನ್‌ನಲ್ಲಿ ಮತ್ತೆ ಇದೇ ಎರಡು ತಂಡಗಳ ಫೈನಲ್. ಆ ಸಲ ಚೀನಾ ಇಳಿಸಿದ ಆಟಗಾರರಲ್ಲಿ ಡಿಂಗ್ ಸಾಂಗ್ ಒಬ್ಬರು. ಅವರು ಚಾಪರ್. ಟೇಬಲ್‌ನಿಂದ ದೂರ ನಿಂತು, ಬಂದ ಚೆಂಡನ್ನೆಲ್ಲ ಕೆಳಗೆ ಕಡಿದು ಬ್ಯಾಕ್‌ಸ್ಪಿನ್ ಹಾಕಿ ವಾಪಸ್ ಕಳಿಸೋ ಶೈಲಿ, ಮಧ್ಯೆ ಮಧ್ಯೆ ಇದ್ದಕ್ಕಿದ್ದಂತೆ ಅಟ್ಯಾಕ್. ಚೀನಾ 3-2ರಿಂದ ಗೆದ್ದಿತು. ಇವತ್ತಿಗೂ ಅವರ ಟ್ರೈನಿಂಗ್ ಹಾಲ್‌ನಲ್ಲಿ ವಿದೇಶಿ ಆಟಗಾರರ ಶೈಲಿಯನ್ನು ನಕಲು ಮಾಡಿ ಆಡೋದೇ ಕೆಲಸವಾಗಿರೋ ಪ್ರಾಕ್ಟೀಸ್ ಆಟಗಾರರು ಇರ್ತಾರೆ. ಜಗತ್ತಿನ ನಂಬರ್ ಒನ್ ದೇಶ ‘ವಿಚಿತ್ರ’ ಶೈಲಿಗಳನ್ನು ಕಾಸು ಕೊಟ್ಟು ಸಾಕುತ್ತೆ. ನಾವು ಬಿಟ್ಟಿ ಬಂದವರನ್ನೂ ಓಡಿಸ್ತೀವಿ.

ಇಲ್ಲಿಗೆ ಎರಡನೇ ವಾದ ಬಂತು. ಪಿಂಪಲ್ಸ್ ಮೋಸ ಅನ್ನೋರಿಗೆ ಮೊದಲು ಅದು ಹೇಗೆ ಕೆಲಸ ಮಾಡುತ್ತೆ ಅಂತ ಹೇಳಬೇಕು. ಮಾಮೂಲಿ ನುಣುಪು ರಬ್ಬರ್ ಚೆಂಡನ್ನು ಹಿಡಿದುಕೊಳ್ಳುತ್ತೆ. ಎದುರಾಳಿ ಹಾಕಿದ ಸ್ಪಿನ್ ಅಳಿಸಿ ನಮ್ಮ ಸ್ಪಿನ್ ಬರೆಯುತ್ತೆ. ಉದ್ದ ಪಿಂಪಲ್ಸ್‌ನ ರಬ್ಬರ್ ಕಡ್ಡಿಗಳು ಬಾಗುತ್ತವೆ, ಚೆಂಡನ್ನು ಹಿಡಿಯಲ್ಲ. ಹಾಗಾಗಿ ಚೆಂಡು ತಿರುಗೋ ದಿಕ್ಕು ಹೆಚ್ಚು ಕಡಿಮೆ ಹಾಗೇ ಉಳಿಯುತ್ತೆ, ಸಾಗೋ ದಿಕ್ಕು ಮಾತ್ರ ಉಲ್ಟಾ ಆಗುತ್ತೆ. ನೀವು ಕಳಿಸಿದ ಟಾಪ್‌ಸ್ಪಿನ್ ನಿಮ್ಮ ಕಡೆಗೆ ಬ್ಯಾಕ್‌ಸ್ಪಿನ್ ಆಗಿ ಬರುತ್ತೆ. ಅಂದರೆ ನಿಮ್ಮ ಚೆಂಡು ನೆಟ್‌ಗೆ ಹೋದಾಗ ಅಲ್ಲಿ ಮಾಟ ಮಂತ್ರ ಏನೂ ಇಲ್ಲ. ನಿಮ್ಮ ಸ್ಪಿನ್ನೇ ನಿಮಗೆ ವಾಪಸ್ ಬಂದಿದೆ. ಫ್ರಿಕ್ಷನ್ ಬಗ್ಗೆ ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರೆಯೋ ನಾವು ಟೇಬಲ್ ಹತ್ತಿರ ಬಂದ ತಕ್ಷಣ ಅದನ್ನ ಮೋಸ ಅಂದರೆ ಹೇಗೆ?

ಕಣ್ಣಿಗೆ ಕಾಣದಂತೆ ಮಾಡೋದು ಮೋಸ, ಒಪ್ಪೋಣ. ಅದಕ್ಕೆ ನಿಯಮ ಇದೆ. ಬ್ಯಾಟಿನ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು ಇರಬೇಕು ಅಂತ 1986ರಿಂದಲೇ ಕಡ್ಡಾಯ ಮಾಡಿದ್ದು ಯಾವ ರಬ್ಬರ್‌ನಿಂದ ಹೊಡೆದರು ಅಂತ ಎದುರಾಳಿಗೆ ಗೊತ್ತಾಗಲಿ ಅಂತಾನೇ. 2021ರಿಂದ ಕೆಂಪಿನ ಬದಲು ಬೇರೆ ಕೆಲವು ಬಣ್ಣಗಳಿಗೂ ಅವಕಾಶ ಇದೆ, ಆದರೆ ಒಂದು ಕಡೆ ಕಪ್ಪು ಇರಲೇಬೇಕು. ಮ್ಯಾಚ್ ಶುರುವಾಗೋ ಮುಂಚೆ ಎದುರಾಳಿಯ ಬ್ಯಾಟ್ ಕೈಗೆ ತಗೊಂಡು ನೋಡೋ ಹಕ್ಕೂ ಇದೆ. ಇಷ್ಟಾದ ಮೇಲೂ ಓದೋಕೆ ಆಗಲಿಲ್ಲ ಅಂದರೆ ಅದು ಪ್ರಾಕ್ಟೀಸ್ ಕಡಿಮೆ ಅಂತ ಅರ್ಥ.

ನಮ್ಮ ದೇಶದ ದೊಡ್ಡ ಗೆಲುವುಗಳನ್ನೇ ನೋಡಿ. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಣಿಕಾ ಬಾತ್ರಾ ಸಿಂಗಪುರದ ಫೆಂಗ್ ತಿಯಾನ್‌ವೇ ಅವರನ್ನು ಎರಡು ಸಲ ಸೋಲಿಸಿ, ಸಿಂಗಲ್ಸ್ ಚಿನ್ನ ತಂದರು. ಬ್ಯಾಕ್‌ಹ್ಯಾಂಡ್‌ನಲ್ಲಿ ಇದ್ದದ್ದು ಪಿಂಪಲ್ಸ್. 2024ರ ಫೆಬ್ರವರಿಯಲ್ಲಿ ಬೂಸಾನ್‌ನ ವಿಶ್ವ ತಂಡ ಚಾಂಪಿಯನ್‌ಶಿಪ್‌ನಲ್ಲಿ ಐಹಿಕಾ ಮುಖರ್ಜಿ ಆಗಿನ ವಿಶ್ವ ನಂಬರ್ ಒನ್ ಸುನ್ ಯಿಂಗ್ಶಾ ಅವರನ್ನೇ 3-1 ಸೋಲಿಸಿದರು. ಅವರ ಬ್ಯಾಕ್‌ಹ್ಯಾಂಡ್ ರಬ್ಬರ್ ಕೂಡ ಮಾಮೂಲಿ ಅಲ್ಲ. ಅದೇ ದಿನ ಶ್ರೀಜಾ ಅಕುಲಾ ವಾಂಗ್ ಯಿಡಿಯನ್ನು ಸೋಲಿಸಿದರು. ಕೊನೆಗೆ ಚೀನಾ 3-2ರಿಂದ ಗೆದ್ದಿತು ನಿಜ. ರಬ್ಬರ್ ಬದಲಾಯಿಸಿದ ಮಾತ್ರಕ್ಕೆ ಚೀನಾ ಬಿದ್ದುಹೋಗಲ್ಲ. ಆದರೆ ಆ ಬಾಗಿಲು ತೆರೆದದ್ದು ಬೇರೆ ಥರದ ಆಟ.

ಪ್ಯಾರಿಸ್ ಒಲಿಂಪಿಕ್ಸ್ ತಂಡದಲ್ಲಿ ಐಹಿಕಾ ಮೀಸಲು ಆಟಗಾರ್ತಿ, ಮೂರನೇ ಜಾಗ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್‌ಗೆ ಅಂತ ಆದಾಗ ದೊಡ್ಡ ಚರ್ಚೆ ಆಯ್ತು. ಕ್ವಾರ್ಟರ್‌ಫೈನಲ್‌ನಲ್ಲಿ ಭಾರತ ಜರ್ಮನಿಗೆ 3-1 ಸೋತಾಗ, ಆ ಒಂದು ಗೆಲುವು ಅರ್ಚನಾ ಅವರದ್ದೇ. ಯಾರು ಮೇಲು ಅಂತ ಮೊದಲೇ ತೀರ್ಪು ಕೊಡೋರಿಗೆ ಇದೂ ಒಂದು ಪಾಠ. ಮೂರನೇ ಜಾಗಕ್ಕೆ ಬೇರೆ ಬೇರೆ ಥರ ಆಡೋ ಇಬ್ಬರು ಇದ್ದರು ಅನ್ನೋದೇ ಆ ತಂಡದ ಶ್ರೀಮಂತಿಕೆ.

‘ಈಗಿನ ಟಾಪ್ ಆಟಗಾರರೆಲ್ಲ ಎರಡೂ ಕಡೆ ಟಾಪ್‌ಸ್ಪಿನ್ ಆಡೋರೇ, ಹಾಗಾದರೆ ಅದೇ ಸರಿಯಾದ ಶೈಲಿ ತಾನೇ?’ ಅಂತ ಕೇಳಬಹುದು. ಇದರಲ್ಲಿ ಅರ್ಧ ಸತ್ಯ ಇದೆ. 2014ರಲ್ಲಿ ಪ್ಲಾಸ್ಟಿಕ್ ಚೆಂಡು ಬಂದ ಮೇಲೆ ಸ್ಪಿನ್ ಕಡಿಮೆಯಾಗಿ ಚಾಪರ್‌ಗಳಿಗೆ ಕಷ್ಟ ಆಗಿದೆ. 2003ರಲ್ಲಿ ಕೊರಿಯಾದ ಚಾಪರ್ ಜೂ ಸೆ-ಹ್ಯುಕ್ ವಿಶ್ವ ಫೈನಲ್ ಆಡಿದ ಹಾಗೆ ಈಗ ಆಡೋದು ಸುಲಭ ಅಲ್ಲ. ಆದರೆ ಅದೇ ಪ್ಲಾಸ್ಟಿಕ್ ಚೆಂಡಿನ ಕಾಲದಲ್ಲಿ, 2019ರಲ್ಲಿ, ಫೋರ್‌ಹ್ಯಾಂಡ್‌ಗೆ ಗಿಡ್ಡ ಪಿಂಪಲ್ಸ್ ಹಾಕಿದ ಸ್ವೀಡನ್ನಿನ ಮಟಿಯಾಸ್ ಫಾಲ್ಕ್ ವಿಶ್ವ ಫೈನಲ್ ತನಕ ಹೋದರು. ಪ್ಯಾರಿಸ್‌ನಲ್ಲಿ ಮೂಲೆಮೂಲೆಯಾದ ಬ್ಯಾಟ್ ಹಿಡಿದ ಟ್ರೂಲ್ಸ್ ಮೊರೆಗಾರ್ಡ್, ಆಗಿನ ನಂಬರ್ ಒನ್ ವಾಂಗ್ ಚುಕಿನ್‌ರನ್ನು 4-2 ಸೋಲಿಸಿ ಬೆಳ್ಳಿ ಗೆದ್ದರು. ಎಲ್ಲರೂ ಒಂದೇ ಥರ ಆಡಿದಷ್ಟೂ, ಬೇರೆ ಥರ ಆಡೋನು ಅಪಾಯಕಾರಿ ಆಗ್ತಾನೆ.

ಈಗ ನಮ್ಮ ಕ್ಯಾಂಪಸ್‌ಗೆ ಬರೋಣ. ಪ್ರತಿ ವರ್ಷ ಫಸ್ಟ್ ಇಯರ್‌ನಲ್ಲಿ ಒಬ್ಬರೋ ಇಬ್ಬರೋ ಪಿಂಪಲ್ಸ್ ಅಥವಾ ಚಾಪ್ ಆಡೋರು ಬರ್ತಾರೆ. ಊರಿನ ಕ್ಲಬ್‌ನಲ್ಲೋ, ಅಪ್ಪನ ಹತ್ತಿರವೋ ಕಲಿತಿರ್ತಾರೆ. ‘ಮೊದಲು ರಬ್ಬರ್ ಚೇಂಜ್ ಮಾಡು, ಆಮೇಲೆ ಬಾ’ ಅಂತ ಸೀನಿಯರ್ ಒಬ್ಬರು ಹೇಳ್ತಾರೆ. ಸುತ್ತ ಇದ್ದವರು ನಗ್ತಾರೆ. ಎರಡನೇ ಇಂಟರ್ನಲ್ಸ್ ಹೊತ್ತಿಗೆ ಆ ಹುಡುಗನೋ ಹುಡುಗಿಯೋ ಟೇಬಲ್ ಕಡೆ ಬರೋದು ನಿಂತಿರುತ್ತೆ. ಆಮೇಲೆ ಅಂತರ ಕಾಲೇಜು ಪಂದ್ಯದಲ್ಲಿ ಒಬ್ಬ ಪಿಂಪಲ್ಸ್ ಆಟಗಾರ ಎದುರಾದರೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ನಮ್ಮ ಮೂವರೂ ಸಾಲಾಗಿ ನೆಟ್‌ಗೆ ಹೊಡೀತಾರೆ.

ಹಾಗಾಗಿ ಕ್ರೀಡಾ ಸಮಿತಿಗೆ, ಸೀನಿಯರ್ಸ್‌ಗೆ, ನಮ್ಮ ಬ್ಯಾಚಿನವರಿಗೂ ಮೂರು ಮಾತು. ತಂಡ ಆರಿಸೋವಾಗ ‘ಕ್ಲೀನ್ ಆಟ’ ಅನ್ನೋ ಮಾತು ಬಿಟ್ಟು ಗೆದ್ದ ಮ್ಯಾಚ್ ಲೆಕ್ಕ ಇಡಿ. ಟೇಬಲ್ ಹತ್ತಿರ ಎಲ್ಲರೂ ಬಳಸೋ ಬ್ಯಾಟ್‌ಗಳ ಜೊತೆ ಉದ್ದ ಪಿಂಪಲ್ಸ್ ಇರೋ ಒಂದು ಬ್ಯಾಟ್ ತಂದಿಡಿ, ವಾರಕ್ಕೊಂದು ಸಂಜೆ ಎಲ್ಲರೂ ಅದರ ಎದುರು ಆಡಲಿ. ಮತ್ತೆ ಈ ಸೆಮಿಸ್ಟರ್‌ನಲ್ಲಿ ಯಾರಾದರೂ ಜೂನಿಯರ್ ಪಿಂಪಲ್ಸ್ ಬ್ಯಾಟ್ ಹಿಡಿದು ಬಂದರೆ, ರಬ್ಬರ್ ಚೇಂಜ್ ಮಾಡು ಅನ್ನೋ ಬದಲು ‘ಒಂದು ಗೇಮ್ ಆಡೋಣ ಬಾ’ ಅನ್ನಿ. ಸೋಲಬಹುದು. ಸೋತರೆ ಇನ್ನೊಂದು ಗೇಮ್ ಕೇಳಿ.