ಸಾರವೆಯ ಕೆಳಗಿನ ಕಾವಲುಗಾರ

ಸವಣೂರಿನ ಒಂದು ಓಣಿಯಲ್ಲಿ ಹೊಸ ಮನೆಗೆ ಸ್ಲ್ಯಾಬು ಹಾಕುವ ದಿನವೆಂದು ಇಟ್ಟುಕೊಳ್ಳಬಹುದು. ನಸುಕಿನಲ್ಲಿಯೇ ಕಾಂಕ್ರೀಟು ಕಲಸುವ ಯಂತ್ರ ಗುಡುಗತೊಡಗಿದೆ. ಮನೆಯೊಡತಿ ತೆಂಗಿನಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಗವಂಡಿಗೂ ಆಳುಗಳಿಗೂ ಚಹ ಹಂಚಿದ್ದಾಳೆ. ಬಿದಿರಿನ ಸಾರವೆಯ ಮೇಲೆ ಬುಟ್ಟಿಗಳು ಕೈಯಿಂದ ಕೈಗೆ ಏರುತ್ತಿವೆ. ಹಾನಗಲ್ಲಿನಿಂದ ಬಂದಿರುವ ಅವಳ ತಮ್ಮನ ಮಗ, ಸಿವಿಲ್ ಡಿಪ್ಲೊಮಾ ಮುಗಿಸಿದ ತರುಣ, ಕೆಳಗೆ ನಿಂತು ಮೇಲೆಯೇ ದೃಷ್ಟಿಯಿಟ್ಟಿದ್ದಾನೆ.

"ಅತ್ತಿ, ಆ ತುದಿಗೆ ಅಡ್ಡಗಟ್ಟು ಕಟ್ಟಿಲ್ಲ. ಮ್ಯಾಲಿನಾಂವ ಜೋಲಿ ಹೊಡದರ ಹಿಡಕೊಳ್ಳಾಕ ಏನೂ ಇಲ್ಲ."

"ಅವರಿಗೆ ರೂಢಿ ಐತಿ ತಮ್ಮಾ. ಇಪ್ಪತ್ತು ವರ್ಷದಿಂದ ಏರಿ ಇಳದಾರ."

ರೂಢಿ! ಕಟ್ಟಡದ ಕೆಲಸದಲ್ಲಿ ಇದಕ್ಕಿಂತ ಸಮಾಧಾನದ ಮಾತೂ ಇಲ್ಲ, ಇದಕ್ಕಿಂತ ಅಪಾಯದ ಮಾತೂ ಇಲ್ಲ. ಹೊಸಬನು ಹೆದರಿ ಹೆಜ್ಜೆಯಿಡುತ್ತಾನೆ; ಇಪ್ಪತ್ತು ವರ್ಷ ಏರಿಳಿದವನು ಕಾಲ ಕೆಳಗಿನ ಹಲಗೆಯನ್ನು ನೋಡುವುದನ್ನೇ ಬಿಟ್ಟಿರುತ್ತಾನೆ. ಅವನ ಪರವಾಗಿ ನೋಡುವ ಇನ್ನೊಂದು ಜೊತೆ ಕಣ್ಣು ಬೇಕು. ಆ ತರುಣನು ಅರಿಯದೆಯೇ ಮಾಡಿದ ಈ ಕೆಲಸಕ್ಕೆ ಇಂದು ಹೆಸರಿದೆ, ಸಂಬಳವಿದೆ, ಕಾನೂನಿನಲ್ಲಿ ಸ್ಥಾನವೂ ಇದೆ. ಅವನೇ ನಿರ್ಮಾಣ ಸುರಕ್ಷತಾ ಅಧಿಕಾರಿ.

ಹಾವೇರಿ ಜಿಲ್ಲೆಯ ಮನೆಗಳಲ್ಲಿ ಮಗನು ಸಿವಿಲ್ ಕಲಿತನೆಂದರೆ ತಂದೆತಾಯಿಯರ ಕಣ್ಣಿಗೆ ಕಾಣುವುದು ಸರಕಾರಿ ಇಲಾಖೆಯ ನೌಕರಿ. ಅದು ತಪ್ಪಿದರೆ ಗುತ್ತಿಗೆದಾರಿಕೆ. ನಡುವಿನ ಈ ಮೂರನೆಯ ದಾರಿಯನ್ನು ಬಲ್ಲವರು ವಿರಳ. ಆದರೆ ಅದಕ್ಕೆ ಆಸ್ಪದ ಕೊಡುವ ದೊಡ್ಡ ಕಾಮಗಾರಿಗಳು ಈ ಸೀಮೆಗೆ ಅಪರಿಚಿತವಲ್ಲ. ಶಿಗ್ಗಾಂವಿಯ ಜನ ಪುಣೆ-ಬೆಂಗಳೂರು ಹೆದ್ದಾರಿ ಅಗಲವಾಗುತ್ತ ಬಂದುದನ್ನು ನೋಡಿದ್ದಾರೆ. ಹಿರೇಕೆರೂರು ಸೀಮೆಯವರು ತುಂಗಾ ಮೇಲ್ದಂಡೆ ಕಾಲುವೆಯ ಕೆಲಸವನ್ನು ಕಂಡವರು. ಅಂಥ ಕಡೆಗಳಲ್ಲಿ ನೂರಾರು ಆಳುಗಳು ಏಕಕಾಲಕ್ಕೆ ದುಡಿಯುತ್ತಾರೆ.

1996ರಲ್ಲಿ ಸಂಸತ್ತು ಕಟ್ಟಡ ಕಾರ್ಮಿಕರಿಗಾಗಿಯೇ ಪ್ರತ್ಯೇಕ ಕಾಯಿದೆಯನ್ನು ಮಾಡಿತು. ಅದರ ಮೇರೆಗೆ ಬಂದ 1998ರ ಕೇಂದ್ರ ನಿಯಮಗಳು 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾಮಗಾರಿಗೆ ಸುರಕ್ಷತಾ ಅಧಿಕಾರಿ ಇರಲೇಬೇಕೆಂದು ವಿಧಿಸಿದವು. ಆ ಕಾಯಿದೆಯ ಸ್ಥಾನದಲ್ಲಿ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಅದು ಕಟ್ಟಡ ಕಾಮಗಾರಿಗಳ ಮಟ್ಟಿಗೆ ಈ ಸಂಖ್ಯೆಯನ್ನು 250ಕ್ಕೆ ಇಳಿಸಿದೆ. ಸಂಖ್ಯೆ ಇಳಿದಷ್ಟೂ ಹುದ್ದೆಗಳು ಹೆಚ್ಚುವುದು ಸಹಜ.

ಈ ಹುದ್ದೆಗೆ ಬೇಕಾದ ಅರ್ಹತೆಯನ್ನು 1998ರ ನಿಯಮಗಳು ಮೂರು ಮೆಟ್ಟಿಲುಗಳಲ್ಲಿ ಹೇಳಿದ್ದವು. ಮೊದಲನೆಯದು ವಿದ್ಯೆ ಮತ್ತು ಅನುಭವ. ಇಂಜಿನಿಯರಿಂಗ್ ಪದವೀಧರನಾದರೆ ಕಟ್ಟಡ ಕೆಲಸದ ಮೇಲ್ವಿಚಾರಣೆಯಲ್ಲಿ 2 ವರ್ಷ, ಡಿಪ್ಲೊಮಾ ಪಡೆದವನಾದರೆ 5 ವರ್ಷ ಕಳೆದಿರಬೇಕು. ಎರಡನೆಯದು ಕೈಗಾರಿಕಾ ಸುರಕ್ಷತೆಯಲ್ಲಿ ಮಾನ್ಯತೆ ಪಡೆದ ಪದವಿ ಇಲ್ಲವೆ ಡಿಪ್ಲೊಮಾ. ಅದರಲ್ಲಿ ಒಂದು ಪತ್ರಿಕೆಯಾದರೂ ನಿರ್ಮಾಣ ಸುರಕ್ಷತೆಯದಾಗಿರಬೇಕು. ಮುಂಬಯಿಯ ಕೇಂದ್ರ ಕಾರ್ಮಿಕ ಸಂಸ್ಥೆ ಇಂಥ ಶಿಕ್ಷಣಕ್ಕೆ ಹೆಸರಾದ ಸ್ಥಳ. ಮೂರನೆಯ ಮೆಟ್ಟಿಲು ಎಲ್ಲಕ್ಕಿಂತ ಕುತೂಹಲಕರವಾದುದು. ಆ ಕಾಮಗಾರಿಯಲ್ಲಿ ದುಡಿಯುವ ಹೆಚ್ಚಿನ ಕಾರ್ಮಿಕರು ಆಡುವ ಭಾಷೆ ಅವನಿಗೆ ಚೆನ್ನಾಗಿ ತಿಳಿದಿರಬೇಕು! ಹೊಸ ಸಂಹಿತೆಯ ನಿಯಮಾವಳಿಗಳಲ್ಲಿ ವಿವರಗಳು ಬದಲಾಗುವ ಸಂಭವವಿರುವುದರಿಂದ ಹಣ ಕಟ್ಟಿ ಪಾಠಕ್ಕೆ ಸೇರುವ ಮುನ್ನ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸುವುದು ಜಾಣತನ.

ಇಲ್ಲಿ ಅನೇಕ ತರುಣರು ಎಡವುತ್ತಾರೆ. ಹೆಸರಿನ ಮುಂದೆ ನಾಲ್ಕು ಅಕ್ಷರ ಸೇರಿದರೆ ಉದ್ಯೋಗ ತಾನಾಗಿ ಬರುವುದೆಂಬುದು ಒಂದು ಭ್ರಮೆ. ವೃತ್ತಿಸಂಘಗಳ ಸದಸ್ಯತ್ವಕ್ಕೆ ಬೆಲೆಯಿಲ್ಲವೆಂದಲ್ಲ. ಯಾವ ಅಕ್ಷರ ಯಾವ ಬಾಗಿಲನ್ನು ತೆರೆಯುವುದೆಂದು ಮೊದಲೇ ತಿಳಿದಿರಬೇಕು. ಬ್ರಿಟನ್ನಿನಲ್ಲಿ 1945ರಲ್ಲಿ ಬೇರೂರಿ ರಾಜಸನ್ನದು ಪಡೆದ ಇನ್‌ಸ್ಟಿಟ್ಯೂಷನ್ ಆಫ್ ಆಕ್ಯುಪೇಷನಲ್ ಸೇಫ್ಟಿ ಅಂಡ್ ಹೆಲ್ತ್ ಎಂಬ ಸಂಘವಿದೆ. ಅದರಲ್ಲಿ ಸದಸ್ಯತ್ವಕ್ಕೆ ಹಲವು ಅಂತಸ್ತುಗಳು. ಮೇಲಿನ ಅಂತಸ್ತು ಬೇಕಾದವನು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲದು. ತಾನು ಮಾಡಿದ ಕೆಲಸದ ದಾಖಲೆಯನ್ನಿಟ್ಟು ಅದೇ ವೃತ್ತಿಯ ಹಿರಿಯರಿಗೆ ಉತ್ತರ ಕೊಡಬೇಕು. ಅಲ್ಲಿಯದೇ ಆದ ನೆಬೋಷ್ ಪರೀಕ್ಷಾ ಮಂಡಳಿ 1979ರಲ್ಲಿ ಸ್ಥಾಪನೆಯಾಯಿತು. ಕೊಲ್ಲಿ ರಾಷ್ಟ್ರಗಳಿಗೆ ಹೋಗಬಯಸುವವರಿಗೆ ಇವು ಉಪಯುಕ್ತ. ಆದರೆ ನಮ್ಮ ದೇಶದ ನಿಯಮ ಕೇಳುವ ಸುರಕ್ಷತಾ ಡಿಪ್ಲೊಮಾದ ಜಾಗದಲ್ಲಿ ಇವನ್ನಿಟ್ಟರೆ ನಡೆಯದು. ಸಾಲ ಮಾಡಿ ಪರೀಕ್ಷೆಗೆ ಹಣ ಕಟ್ಟಿದ ಮೇಲೆ ಈ ಸತ್ಯ ತಿಳಿದು ಪರಿತಪಿಸುವುದಕ್ಕಿಂತ ಮುಂಚೆಯೇ ತಿಳಿಯುವುದು ಲೇಸು.

ಇದೇ ಮಾತು ಸ್ವದೇಶದ ಸಂಘಗಳಿಗೂ ಸಲ್ಲುತ್ತದೆ. 1920ರಲ್ಲಿ ಸ್ಥಾಪಿತವಾದ ಭಾರತೀಯ ಇಂಜಿನಿಯರುಗಳ ಸಂಸ್ಥೆಯ ಪರೀಕ್ಷೆ ಪಾಸು ಮಾಡಿ ಡಿಪ್ಲೊಮಾದವರು ಪದವೀಧರರ ಸರಿಸಮಾನರಾಗುತ್ತಿದ್ದ ಕಾಲವೊಂದಿತ್ತು. ಹಗಲು ದುಡಿದು ರಾತ್ರಿ ಓದಿ ಆ ದಾರಿಯಲ್ಲಿ ಮೇಲೆ ಬಂದವರು ಅನೇಕರು. ಈಗ ಆ ಸಮಾನತೆ 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದ್ದವರಿಗೆ ಮಾತ್ರ. ಅಪ್ಪನ ಕಾಲದ ದಾರಿ ಮಗನ ಕಾಲಕ್ಕೂ ತೆರೆದಿರುವುದೆಂದು ನಂಬುವಂತಿಲ್ಲ.

ಪದವಿ, ಸದಸ್ಯತ್ವಗಳನ್ನು ದುಡ್ಡಿನಿಂದಲೂ ಶ್ರಮದಿಂದಲೂ ಸಂಪಾದಿಸಬಹುದು. ಆದರೆ ಆ ಮೂರನೆಯ ಮೆಟ್ಟಿಲು, ಭಾಷೆ? ಹೆದ್ದಾರಿಯ ಕೆಲಸಕ್ಕೆ ಬಿಹಾರದಿಂದ, ಒಡಿಶಾದಿಂದ ಬಂದ ಆಳುಗಳಿರುತ್ತಾರೆ. ಗುಂಡಿಯ ಅಂಚು ಬಿರಿಯುತ್ತಿರುವಾಗ "ಮೇಲೆ ಬಾ" ಎಂಬ ಮಾತು ಅವನಿಗೆ ಆ ಕ್ಷಣದಲ್ಲಿಯೇ ತಿಳಿಯಬೇಕು. ಅರ್ಥ ಹೇಳಲು ದುಭಾಷಿಯನ್ನು ಕರೆಯುವಷ್ಟು ವ್ಯವಧಾನ ಮಣ್ಣಿಗೆ ಇರುವುದಿಲ್ಲ. ಗೋಡೆಗೆ ಅಂಟಿಸಿದ ಸುರಕ್ಷತೆಯ ಇಂಗ್ಲಿಷ್ ಫಲಕವನ್ನು ನೋಡಿ ಇನ್‌ಸ್ಪೆಕ್ಟರು ತೃಪ್ತರಾಗಬಹುದು, ಗವಂಡಿಗೆ ಅದು ಬರಿಯ ಬಣ್ಣ. ಸವಣೂರಿನಂಥ ಊರಿನಲ್ಲಿ ಕನ್ನಡ, ಉರ್ದು ಎರಡನ್ನೂ ಓಣಿಯಲ್ಲಿ ಆಡುತ್ತಲೇ ಬೆಳೆದ ಹುಡುಗನಿಗೆ ಹಿಂದಿಯೂ ಸುಲಭ. ಯಾವ ಕಾಲೇಜೂ ಕಲಿಸದ ಈ ಅರ್ಹತೆ ಅವನಿಗೆ ಮನೆಯಂಗಳದಲ್ಲಿಯೇ ದೊರೆತಿದೆ.

ಭಾಷೆಯಷ್ಟೇ ಅವಶ್ಯವಾದುದು ಎದೆಗಾರಿಕೆ. ಸುರಕ್ಷತಾ ಅಧಿಕಾರಿಗೆ ಹಿರಿಯ ಅಧಿಕಾರಿಯ ದರ್ಜೆ ಕೊಡಬೇಕು, ಅವನು ನೇರವಾಗಿ ಮುಖ್ಯಸ್ಥನ ಕೈಕೆಳಗೆ ಇರಬೇಕು, ಅವನ ಕೆಲಸಕ್ಕೆ ಬಾಧೆ ತರುವ ಬೇರೆ ಕೆಲಸವನ್ನು ಹಚ್ಚಬಾರದು ಎಂದು 1998ರ ನಿಯಮಗಳು ಹೇಳಿದ್ದು ಸುಮ್ಮನೆ ಅಲ್ಲ. ಸಿಮೆಂಟಿನ ಲೆಕ್ಕ ಬರೆಯುವವನನ್ನೇ ಸುರಕ್ಷತೆಗೂ ನಿಲ್ಲಿಸಿದರೆ ಅವನು ಲೆಕ್ಕವನ್ನೇ ನೋಡುತ್ತಾನೆ. "ಇಂದು ಕೆಲಸ ನಿಲ್ಲಲಿ" ಎಂದು ಯಜಮಾನನ ಮುಖ ನೋಡಿ ಹೇಳಬಲ್ಲವನಿಗೆ ಮಾತ್ರ ಆ ಕುರ್ಚಿ ಸಲ್ಲುತ್ತದೆ. ಯೂರೋಪಿನ ರಾಷ್ಟ್ರಗಳು 1992ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಒಂದಕ್ಕಿಂತ ಹೆಚ್ಚು ಗುತ್ತಿಗೆದಾರರಿರುವಲ್ಲಿ ಕಟ್ಟಡದ ನಕ್ಷೆ ಬರೆಯುವ ಹಂತದಿಂದಲೇ ಸುರಕ್ಷತೆಯನ್ನು ಹೊಂದಿಸುವ ಒಬ್ಬ ಸಮನ್ವಯಕಾರನಿರಬೇಕೆಂದು ಕಟ್ಟಳೆ ಮಾಡಿದವು. ಬೀಳುವ ಸಂಭವವನ್ನು ಕಾಗದದ ಮೇಲೆಯೇ ಅಳಿಸಿಬಿಡಬೇಕೆಂಬುದು ಅದರ ಮರ್ಮ.

ಇಷ್ಟೆಲ್ಲ ಸರಿ. ಆದರೆ ಮತ್ತೆ ಸವಣೂರಿನ ಆ ಓಣಿಗೆ ಮರಳಿದರೆ ಕಾಣುವುದೇನು? ಸ್ಲ್ಯಾಬಿನ ಮೇಲೆ ಇರುವವರು ಹದಿನೈದೋ ಇಪ್ಪತ್ತೋ ಮಂದಿ. ಅಲ್ಲಿಗೆ ಯಾವ ಸುರಕ್ಷತಾ ಅಧಿಕಾರಿಯೂ ಬರುವುದಿಲ್ಲ. ಬರಬೇಕೆಂದು ಕಾನೂನೂ ಹೇಳುವುದಿಲ್ಲ. ಹತ್ತಕ್ಕಿಂತ ಕಡಿಮೆ ಆಳುಗಳ ಕೆಲಸವನ್ನೂ, ಸ್ವಂತ ವಾಸಕ್ಕಾಗಿ 50 ಲಕ್ಷ ರೂಪಾಯಿಯೊಳಗೆ ಕಟ್ಟುವ ಮನೆಯನ್ನೂ ಹೊಸ ಸಂಹಿತೆ ಕಟ್ಟಡ ಕಾಮಗಾರಿಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಹಾನಗಲ್ಲು, ಹಿರೇಕೆರೂರುಗಳಲ್ಲಿ ಏಳುವ ಹೆಚ್ಚಿನ ಮನೆಗಳು ಈ ಮಿತಿಯೊಳಗಿನವೇ. ಅರ್ಥಾತ್, ಕಾನೂನು ಮನೆಯ ಹೊಸ್ತಿಲಿನ ಹೊರಗೇ ನಿಂತುಬಿಡುತ್ತದೆ. ಒಳಗಿನ ಕಾವಲುಗಾರಿಕೆ ಮನೆ ಕಟ್ಟಿಸುವವರ ಪಾಲಿಗೆ ಬಂದುದು.

ಅದಕ್ಕೆ ಯಾವ ಡಿಪ್ಲೊಮಾವೂ ಬೇಡ. ಸಾರವೆಯ ತುದಿಗೆ ಅಡ್ಡಗಟ್ಟು ಇದೆಯೇ, ಹಲಗೆ ಅಲುಗುವುದೇ, ಒಂದೂವರೆ ಮೀಟರಿಗಿಂತ ಆಳದ ಪಾಯಾದ ಗುಂಡಿಗೆ ಆಸರೆ ಕೊಟ್ಟಿದ್ದಾರೆಯೇ ಎಂದು ನೋಡಬಹುದು. ಎರೆಮಣ್ಣು ಬೇಸಗೆಯಲ್ಲಿ ಬಿರಿದು, ಮಳೆಯಲ್ಲಿ ಉಬ್ಬಿ ಕುಸಿಯುವುದೆಂಬುದು ಈ ಸೀಮೆಯ ರೈತನಿಗೆಲ್ಲ ಗೊತ್ತಿದೆ. ತಲೆಯ ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಕಬ್ಬಿಣದ ಸರಳು ಎತ್ತುವ ಮುಂಚೆ ವಿದ್ಯುತ್ ಕಚೇರಿಗೆ ತಿಳಿಸಬಹುದು. ದುಡಿಯಲು ಬಂದವರನ್ನು "ನಿಮ್ಮ ಹೆಸರು ಬರೆಸಿದ್ದೀರಾ?" ಎಂದೂ ಕೇಳಬಹುದು. 18ರಿಂದ 60 ವರ್ಷದೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದರೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಅಧಿಕಾರಿಯ ಸದಸ್ಯತ್ವದಷ್ಟೇ ಗವಂಡಿಯ ಈ ಸದಸ್ಯತ್ವವೂ ಮುಖ್ಯ. ಕೆಳಗೆ ಬಿದ್ದವನ ಹೆಂಡತಿ ಮಕ್ಕಳ ಕೈಯಲ್ಲಿ ಉಳಿಯುವುದು ಆ ಒಂದು ಚೀಟಿ.

ಅತ್ತೆ ಒಂದು ಗಳಿಗೆ ಮೇಲೆ ನೋಡಿದಳು. ಆಮೇಲೆ ಗವಂಡಿಯನ್ನು ಕೂಗಿ, "ಮೊದಲ ಆ ಬಿದಿರು ಕಟ್ರೆಪಾ, ಆಮ್ಯಾಗ ಬುಟ್ಟಿ ಏರಸ್ರಿ" ಎಂದಳು. ಯಂತ್ರ ಅರ್ಧ ತಾಸು ನಿಂತಿತು. ಎರಡು ಬಿದಿರು, ನಾಲ್ಕು ಮಾರು ಹಗ್ಗ, ಇನ್ನೊಂದು ಸುತ್ತು ಚಹ ಖರ್ಚಾದವು. ಸಂಜೆಯ ಹೊತ್ತಿಗೆ ಸ್ಲ್ಯಾಬು ಮುಗಿದು, ಏರಿದವರೆಲ್ಲರೂ ತಮ್ಮ ಕಾಲ ಮೇಲೆ ಇಳಿದು ಮನೆಗೆ ನಡೆದರು. ತರುಣನ ಮೊದಲ ಪ್ರಮಾಣಪತ್ರಕ್ಕೆ ಅಷ್ಟು ಸಾಕು.