ಏಪ್ರಿಲ್‌ನಲ್ಲೇ ಸರ್ಟಿಫಿಕೇಟು ಮಾಡಿಸಿಡಿ

ಐಐಎಂಗಳಲ್ಲಿ ಹಿಂದುಳಿದ ವರ್ಗದವರಿಗೆ ಶೇ. 27ರಷ್ಟು ಸೀಟು ಮೀಸಲು. ಅದಕ್ಕೆ ಆಧಾರವಾದ 2006ರ ಕಾಯ್ದೆಯನ್ನು 2008ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೂ ಮಂಗಳೂರಿನ ನಮ್ಮ ಮಣ್ಣಗುಡ್ಡ, ಉರ್ವ, ಬೋಳೂರಿನ ಮಕ್ಕಳು ಆ ಸೀಟಿನ ಹತ್ತಿರ ಹೋಗುವ ಮೊದಲೇ ಒಂದು ಕಾಗದಕ್ಕೆ ಎಡವುತ್ತಾರೆ. ಕಾಮರ್ಸ್ ಪಾಠ ಮಾಡುವ ನಾನು ಇದನ್ನು ನೋಡುತ್ತಲೇ ಬಂದಿದ್ದೇನೆ.

ನಮ್ಮ ಬೀದಿಯ ಮೊಗವೀರರ ಹುಡುಗಿಯೊಬ್ಬಳು ಬಿ.ಕಾಂ. ಮುಗಿಸಿ ಐಐಎಂ ಪ್ರವೇಶ ಪರೀಕ್ಷೆಯಾದ ಕ್ಯಾಟ್‌ಗೆ ಓದುತ್ತಿದ್ದಳು. ತಂದೆಗೆ ದಕ್ಕೆಯಲ್ಲಿ ಮೀನಿನ ವ್ಯಾಪಾರ. ಅರ್ಜಿ ತುಂಬಲು ಬಂದಾಗ ಅವಳ ಫೈಲಿನಲ್ಲಿದ್ದದ್ದು ಲ್ಯಾಮಿನೇಷನ್ ಮಾಡಿಸಿದ ಪ್ರವರ್ಗ-1ರ ಜಾತಿ ಪ್ರಮಾಣಪತ್ರ. ಅದು ರಾಜ್ಯದ್ದು. ಪ್ರವರ್ಗ-1ಕ್ಕೆ ರಾಜ್ಯದಲ್ಲಿ ಕೆನೆಪದರದ, ಅಂದರೆ ಹಿಂದುಳಿದವರಲ್ಲೇ ಮುಂದುವರಿದವರನ್ನು ಹೊರಗಿಡುವ, ಮಿತಿಯೇ ಇಲ್ಲ, ಹಾಗಾಗಿ ಮನೆಯವರು ಆ ವಿಷಯಕ್ಕೆ ತಲೆ ಕೆಡಿಸಿಕೊಂಡಿರಲಿಲ್ಲ. ಐಐಎಂ ಕೇಳುವುದು ಕೇಂದ್ರದ ನಮೂನೆಯ ಒಬಿಸಿ ಪತ್ರ. ಕೆನೆಪದರಕ್ಕೆ ಸೇರಿಲ್ಲವೆಂದು ಅದರಲ್ಲಿ ಬರೆದಿರಬೇಕು, ಆ ವರ್ಷದ ಏಪ್ರಿಲ್ 1ರ ನಂತರ ಕೊಟ್ಟದ್ದೂ ಆಗಿರಬೇಕು. ಸೆಪ್ಟೆಂಬರಿನಲ್ಲಿ ಅರ್ಜಿ ಮುಗಿದ ಮೇಲೆ ವರ್ಗ ಬದಲಿಸಲು ಬಿಡುವುದಿಲ್ಲ. ಪತ್ರ ಹೊತ್ತಿಗೆ ಸಿಗದೆ ಅವಳು ಸಾಮಾನ್ಯ ವರ್ಗದಲ್ಲೇ ಪರೀಕ್ಷೆಗೆ ಕೂತಳು.

“ಹೋಗಲಿ ಮೇಡಂ, ಕೋಟಾದವಳು ಅಂತ ಹೇಳಿಸಿಕೊಳ್ಳುವುದಾದರೂ ತಪ್ಪಿತಲ್ಲ” ಎಂದಳು. ಪತ್ರ ಕೈತಪ್ಪಿದ್ದಕ್ಕಿಂತ ಈ ಮಾತು ನನಗೆ ಹೆಚ್ಚು ನೋವು ಕೊಟ್ಟಿತು. ತರಗತಿ ತುಂಬ ಎಂಜಿನಿಯರುಗಳೇ ಆಗಬಾರದೆಂದು ಹಲವು ಐಐಎಂಗಳು ಬೇರೆ ಪದವಿಯವರಿಗೂ ಹೆಣ್ಣುಮಕ್ಕಳಿಗೂ ಆಯ್ಕೆಯಲ್ಲಿ ಹೆಚ್ಚುವರಿ ಅಂಕ ಕೊಡುತ್ತವೆ. ಅದಕ್ಕೆ ಯಾರೂ ತಲೆ ತಗ್ಗಿಸುವುದಿಲ್ಲ. ನಸುಕಿಗೇ ಬೋಟು ಬಂದು, ಐಸು ಕರಗುವ ಮೊದಲು ಬಂಗುಡೆಯ ಬುಟ್ಟಿಗೆ ರೇಟು ಕೂಗುವುದನ್ನು ಚಿಕ್ಕಂದಿನಿಂದ ಕಂಡವಳು ಅವಳು. ಬೆಲೆ, ಸಾಲ, ನಂಬಿಕೆ ಹೇಗೆ ನಡೆಯುತ್ತವೆ ಎಂಬುದು ಅವಳಿಗೆ ಗೊತ್ತು. ಅಂಥವಳು ಕೂರದ ಮ್ಯಾನೇಜ್‌ಮೆಂಟ್ ತರಗತಿ ಬಡವಾಗುತ್ತದೆಂದು ನಾನು ದೃಢವಾಗಿ ನಂಬುತ್ತೇನೆ. ಮೀಸಲಾತಿ ಹಕ್ಕು. ಅದನ್ನು ಕೇಳಲು ನಾಚಿಕೆ ಏಕೆ?

ಕೆನೆಪದರಕ್ಕೆ ಎಂಟು ಲಕ್ಷದ ಆದಾಯ ಮಿತಿ ಎಂದೊಡನೆ ಹೆದರಿ ಹಿಂದೆ ಸರಿಯುವವರೂ ಇದ್ದಾರೆ. ಸಂಬಳವೂ ಕೃಷಿ ಆದಾಯವೂ ಆ ಲೆಕ್ಕಕ್ಕೆ ಸೇರುವುದಿಲ್ಲ. ಸರ್ಕಾರಿ ನೌಕರರಿಗೆ ನೋಡುವುದು ಹುದ್ದೆಯ ದರ್ಜೆಯನ್ನು. ಇದನ್ನು ಹೇಳಿಕೊಡುವವರಿಲ್ಲ.

ವರ್ಷ ವರ್ಷ ವಿದ್ಯಾರ್ಥಿವೇತನ ಹಂಚುವ ನಮ್ಮ ಜಾತಿ ಸಂಘಗಳು, ಪ್ಲೇಸ್‌ಮೆಂಟ್ ಸೆಲ್ ಇಟ್ಟಿರುವ ಕಾಲೇಜುಗಳು ಈ ಕೆಲಸಕ್ಕೆ ಕೈಹಾಕಲಿ. ಕೊನೆಯ ವರ್ಷದ ಪದವಿ ಮಕ್ಕಳನ್ನು ಏಪ್ರಿಲ್ ಮೊದಲ ವಾರದಲ್ಲೇ ಕರೆದು, ಕೇಂದ್ರದ ಒಬಿಸಿ ಪತ್ರಕ್ಕಾಗಿ ನಾಡಕಚೇರಿಗೆ ಅರ್ಜಿ ಹಾಕಿಸಲಿ.