ನದಿ, ಕೆರೆ, ಜೌಗುಗಳ ಪಟ್ಟಿ ಬೇಡವೆನ್ನುವವರಿಗೆ ಆರು ಉತ್ತರ

2024ರ ಜನವರಿ ಕೊನೆಯಲ್ಲಿ ಉತ್ತರ ಕನ್ನಡದ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮೂರೂ ಒಟ್ಟಿಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ಅಲ್ಲಿಯವರೆಗೆ ರಾಜ್ಯದ ಪಾಲಿಗೆ ಇದ್ದದ್ದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಸಹ್ಯಾದ್ರಿಯ ನೆತ್ತಿಯಿಂದ ಬಯಲುಸೀಮೆಯ ಕೆರೆ ಸಾಲುಗಳವರೆಗೆ ಹರಡಿಕೊಂಡ ನಾಡಿಗೆ ನಾಲ್ಕು ತಾಣ ಏನೇನೂ ಸಾಲದು. ಇನ್ನಷ್ಟು ನದಿ, ಅಳಿವೆ, ಕೆರೆ, ಜೌಗುಗಳನ್ನು ಹುಡುಕಿ ಗುರುತಿಸಿ ಎಂದರೆ ಮಾತ್ರ ಆಕ್ಷೇಪಗಳು ಸಾಲುಗಟ್ಟುತ್ತವೆ. ಅಭಿವೃದ್ಧಿಯ ಪರ ಇರುವವರು ಒಂದು ಕಡೆಯಿಂದ ಬೇಡವೆಂದರೆ, ಪರಿಸರದ ಪರ ಇರುವ ಕೆಲವರು ಇನ್ನೊಂದು ಕಡೆಯಿಂದ ಬೇಡವೆನ್ನುತ್ತಾರೆ. ಸಭೆಗಳಲ್ಲೂ ಪತ್ರಿಕೆಗಳಲ್ಲೂ ಪದೇ ಪದೇ ಕೇಳಿಬರುವ ಆರು ಆಕ್ಷೇಪಗಳನ್ನು ಇಲ್ಲಿ ಒಂದೊಂದಾಗಿ ಎತ್ತಿಕೊಂಡಿದ್ದೇನೆ.

ಒಂದು: ‘ಸಮುದ್ರ ಸೇರುವ ನೀರು ವ್ಯರ್ಥ. ಅದನ್ನು ಕಾಪಾಡುವುದೆಂದರೆ ವ್ಯರ್ಥವನ್ನು ಕಾಪಾಡಿದಂತೆ.’

ಎಲ್ಲ ವಾದಗಳ ಬೇರು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು. ಉತ್ತರ ಕನ್ನಡದ ಕರಾವಳಿ ಈ ವಾದವನ್ನು ಪರೀಕ್ಷಿಸಲು ಹೇಳಿಮಾಡಿಸಿದ ಜಾಗ. ಅಲ್ಲಿ ಕಾಳಿ ಮತ್ತು ಶರಾವತಿಗೆ ದೊಡ್ಡ ಅಣೆಕಟ್ಟುಗಳಿವೆ. ಗಂಗಾವಳಿ ಮತ್ತು ಅಘನಾಶಿನಿ ಅಂಥ ಅಣೆಕಟ್ಟುಗಳಿಲ್ಲದೆ ಹರಿಯುತ್ತವೆ. ಒಂದೇ ಮಳೆ, ಒಂದೇ ಘಟ್ಟ, ಒಂದೇ ಕಡಲು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಅಳಿವೆಗಳನ್ನು ಹೋಲಿಸಿ ನೋಡಿದಾಗ ಮೀನು, ಚಿಪ್ಪು, ಕಾಂಡ್ಲ ಕಾಡುಗಳ ಸಮೃದ್ಧಿಯಲ್ಲಿ ಅಣೆಕಟ್ಟಿಲ್ಲದ ನದಿಗಳೇ ಮುಂದಿದ್ದವು.

ಕಾರಣ ಕುತೂಹಲಕಾರಿ. ಶರಾವತಿ ಅಳಿವೆಗೆ ನೀರು ಕಡಿಮೆಯಾದದ್ದರಿಂದ ತೊಂದರೆಯಾಯಿತು ಎಂದು ಯಾರಾದರೂ ಊಹಿಸಿಯಾರು. ನಡೆದದ್ದು ಬೇರೆ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿದ ಮೇಲೆ ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿಯತೊಡಗಿತು. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು ಎಂಬ ಅಳಿವೆಯ ಲಯ ತಪ್ಪಿತು. ಉಪ್ಪುನೀರನ್ನು ನೆಚ್ಚಿದ ಚಿಪ್ಪುಜೀವಿಗಳೂ ಕಾಂಡ್ಲದ ಜಾತಿಗಳೂ ಕಡಲ ಬಾಯಿಯ ಆಸುಪಾಸಿಗೆ ಹಿಮ್ಮೆಟ್ಟಿದವು. ಅಂದರೆ ಅಳಿವೆಗೆ ಬೇಕಾದದ್ದು ಇಷ್ಟು ಟಿಎಂಸಿ ನೀರು ಎಂಬ ಲೆಕ್ಕವಷ್ಟೇ ಆಗಿರಲಿಲ್ಲ, ಆ ನೀರು ಯಾವ ತಿಂಗಳಲ್ಲಿ ಬರುತ್ತದೆ ಎಂಬುದೂ ಆಗಿತ್ತು. ಇನ್ನು ಅಘನಾಶಿನಿಯ ನೀರನ್ನು ಮೇಲೆಯೇ ತಿರುಗಿಸಿದರೆ ಆಗುವುದು ಇದರ ತದ್ವಿರುದ್ಧ: ಉಪ್ಪು ಒಳನಾಡಿಗೆ ಏರಿ ದಂಡೆಯ ಬಾವಿಗಳಿಗೂ ತೋಟಗಳಿಗೂ ನುಗ್ಗುತ್ತದೆ.

ಈ ‘ವ್ಯರ್ಥ’ ನೀರಿನ ದುಡಿಮೆ ಎಷ್ಟು? ಅದೇ ಸಂಸ್ಥೆಯ ಸಂಶೋಧಕರು 2008ರಲ್ಲಿ ಕೊಟ್ಟ ಅಂದಾಜಿನಂತೆ ಅಘನಾಶಿನಿ ಅಳಿವೆಯಲ್ಲಿ ವರ್ಷಕ್ಕೆ ಸುಮಾರು 22 ಸಾವಿರ ಟನ್ ಬಳಚು ಮತ್ತಿತರ ಚಿಪ್ಪುಜೀವಿಗಳು ಸಿಗುತ್ತಿದ್ದವು. ಬೆಲೆ ಸುಮಾರು 5.78 ಕೋಟಿ ರೂಪಾಯಿ; ಅದನ್ನೇ ನೆಚ್ಚಿದವರು 2,300ಕ್ಕೂ ಹೆಚ್ಚು ಜನ. ಇದಕ್ಕೆ ಮೀನು, ಸಿಗಡಿ, ಏಡಿ ಸೇರಿಸಿ. ಸಾಣಿಕಟ್ಟೆಯ ಉಪ್ಪು ಸೇರಿಸಿ. ಗಜನಿ ಗದ್ದೆಯಲ್ಲಿ ಉಪ್ಪಿಗೂ ನೆರೆಗೂ ಜಗ್ಗದೆ ಬೆಳೆಯುವ ಕಗ್ಗ ಭತ್ತ ಸೇರಿಸಿ. ಇಷ್ಟಕ್ಕೂ ಸರ್ಕಾರ ಒಂದು ಪಂಪು ಇಡಬೇಕಾಗಿ ಬಂದಿಲ್ಲ.

ಇನ್ನೊಂದು ಪಕ್ಕದ ಲೆಕ್ಕವನ್ನೂ ನೋಡೋಣ. ಎತ್ತಿನಹೊಳೆ ಯೋಜನೆ ಘಟ್ಟದ ಹಳ್ಳಗಳಿಂದ ಪೂರ್ವದ ಕೋಲಾರ, ಚಿಕ್ಕಬಳ್ಳಾಪುರಗಳ ಕಡೆಗೆ 24.01 ಟಿಎಂಸಿ ನೀರು ಒಯ್ಯುತ್ತೇನೆಂದು ಹೊರಟಿತು. ಆ ಹಳ್ಳಗಳಲ್ಲಿ ಸಿಗುವುದು ಸುಮಾರು 9.55 ಟಿಎಂಸಿ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಎಚ್ಚರಿಸಿತ್ತು. 12,912 ಕೋಟಿ ರೂಪಾಯಿಯ ಅಂದಾಜು 23 ಸಾವಿರ ಕೋಟಿ ದಾಟಿತು. ವ್ಯರ್ಥ ಎಂಬ ಮಾತನ್ನು ಎಲ್ಲಿ ಬಳಸಬೇಕು ಎಂಬುದನ್ನು ಓದುಗರೇ ಹೇಳಲಿ. ಕೋಲಾರ, ಚಿಕ್ಕಬಳ್ಳಾಪುರದ ಬಾಯಾರಿಕೆ ಸುಳ್ಳಲ್ಲ. ಆದರೆ ಹೊಳೆಯಲ್ಲಿ ಇಲ್ಲದ ನೀರು ಯಾರ ಬಾಯಾರಿಕೆಯನ್ನೂ ತಣಿಸದು. ಅಘನಾಶಿನಿಯಿಂದ ಮರಾಕಲ್ ಯೋಜನೆಯ ಮೂಲಕ ಕುಮಟಾ, ಹೊನ್ನಾವರಗಳಿಗೆ ಕುಡಿಯುವ ನೀರು ಹೋಗುತ್ತದೆ. ಅದಕ್ಕೆ ಅಡ್ಡಿಯಿಲ್ಲ; ನದಿ ಉಳಿಯಲಿ ಎನ್ನುವವರ ತಕರಾರು ಇರುವುದು ನದಿಯ ದಿಕ್ಕನ್ನೇ ಬದಲಿಸುವ ಯೋಜನೆಗಳ ಬಗ್ಗೆ.

ಎರಡು: ‘ಇರುವ ಕಾನೂನುಗಳೇ ಸಾಕು, ಇನ್ನೊಂದು ಪಟ್ಟಿ ಯಾಕೆ?’

ಕಾನೂನುಗಳು ಬೇಕಾದಷ್ಟಿವೆ, ನಿಜ. ಅರಣ್ಯ ಕಾಯ್ದೆಗೆ ಮರ ಕಾಣುತ್ತದೆ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಗೆ ಉಬ್ಬರದ ಗೆರೆ ಕಾಣುತ್ತದೆ. ಸಣ್ಣ ನೀರಾವರಿಗೆ ಕೆರೆಯ ಏರಿ ಮತ್ತು ತೂಬು ಕಾಣುತ್ತವೆ. ಹರಿಯುವ ನದಿಯನ್ನು ಮೂಲದಿಂದ ಕಡಲವರೆಗೆ ಒಂದೇ ಜೀವ ಎಂದು ನೋಡುವ ಕಾನೂನು ಯಾವುದು?

ಜೌಗು ಪ್ರದೇಶಗಳ (ಸಂರಕ್ಷಣೆ ಮತ್ತು ನಿರ್ವಹಣೆ) ನಿಯಮಗಳು ಇವೆಯಲ್ಲ ಎನ್ನಬಹುದು. 2017ರ ಆ ನಿಯಮಗಳ ವ್ಯಾಖ್ಯೆಯನ್ನು ತೆರೆದು ನೋಡಿ. ನದಿಪಾತ್ರ ಅದರಿಂದ ಹೊರಗೆ. ಭತ್ತದ ಗದ್ದೆ ಹೊರಗೆ. ಕುಡಿಯುವ ನೀರಿಗೆಂದು, ನೀರಾವರಿಗೆಂದು, ಉಪ್ಪು ತೆಗೆಯಲೆಂದು ಕಟ್ಟಿದ್ದೆಲ್ಲ ಹೊರಗೆ. ಕರ್ನಾಟಕದ 36 ಸಾವಿರಕ್ಕೂ ಹೆಚ್ಚಿನ ಕೆರೆಗಳಲ್ಲಿ ಬಹುಪಾಲು ನೀರಾವರಿಗೆಂದೇ ಕಟ್ಟಿದವು. ಹಾಗಿದ್ದರೆ ಉಳಿದದ್ದೇನು? ಚಳಿಗಾಲದಲ್ಲಿ ಸುಮಾರು ಎಂಟು ಸಾವಿರ ಹಕ್ಕಿಗಳು ಬಂದಿಳಿಯುವ, ದಕ್ಷಿಣ ಭಾರತದಲ್ಲಿ ಪಟ್ಟೆತಲೆ ಹೆಬ್ಬಾತುಗಳ ದೊಡ್ಡ ತಂಗುದಾಣಗಳಲ್ಲಿ ಒಂದಾದ ಮಾಗಡಿ ಕೆರೆಯನ್ನೂ ಹೊಲಕ್ಕೆ ನೀರುಣಿಸಲೆಂದೇ ಕಟ್ಟಿದ್ದು. ಅಂಕಸಮುದ್ರವೂ ಊರಿನ ಹಳೆಯ ನೀರಾವರಿ ಕೆರೆ. ಬರೀ ವ್ಯಾಖ್ಯೆಯನ್ನು ನೆಚ್ಚಿಕೊಂಡಿದ್ದರೆ ಇವೆರಡೂ ಲೆಕ್ಕಕ್ಕೇ ಬರುತ್ತಿರಲಿಲ್ಲ. ಹೆಸರು ಹಿಡಿದು ಗುರುತಿಸಿದ್ದರಿಂದ ಬಂದವು.

ಮೂರು: ‘ಸಂರಕ್ಷಣೆ ಎಂದರೆ ಬೇಲಿ. ಬೇಲಿ ಎಂದರೆ ಬಡವರ ಹೊಟ್ಟೆಗೆ ಹೊಡೆತ.’

ಈ ಆಕ್ಷೇಪಕ್ಕೆ ಇತಿಹಾಸದ ಬಲವಿದೆ. ಆದ್ದರಿಂದ ತಳ್ಳಿಹಾಕುವಂತಿಲ್ಲ. ರಾಜಸ್ಥಾನದ ಭರತಪುರದಲ್ಲಿ ಕೇವಲಾದೇವವನ್ನು ರಾಷ್ಟ್ರೀಯ ಉದ್ಯಾನ ಮಾಡಿ 1982ರಲ್ಲಿ ಎಮ್ಮೆ ದನಗಳ ಮೇಯಿಸುವಿಕೆ ನಿಲ್ಲಿಸಿದರು. ವಿರೋಧಿಸಿದ ಹಳ್ಳಿಗರ ಮೇಲೆ ಗೋಲಿಬಾರ್ ಆಗಿ ಪ್ರಾಣಗಳೇ ಹೋದವು. ಆಮೇಲೆ ತಿಳಿದದ್ದೇನು? ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ದೀರ್ಘ ಅಧ್ಯಯನದ ಪ್ರಕಾರ, ಎಮ್ಮೆಗಳು ಮೇಯುವುದು ನಿಂತ ಮೇಲೆ ಹುಲ್ಲು ನೀರನ್ನೆಲ್ಲ ಮುಚ್ಚಿಕೊಂಡು ಹಕ್ಕಿಗಳಿಗೇ ಜಾಗವಿಲ್ಲದಂತಾಯಿತು. ಜನರನ್ನು ಹೊರಗಟ್ಟಿದ ತಪ್ಪು, ಹಕ್ಕಿಗಳ ವಿಷಯದಲ್ಲೂ ತಪ್ಪೇ ಆಯಿತು.

ಆದರೆ ಈ ಪಾಠದಿಂದ ಗುರುತಿಸುವುದೇ ಬೇಡ ಎಂಬ ತೀರ್ಮಾನಕ್ಕೆ ಹಾರಬೇಕಿಲ್ಲ. ರಾಮ್ಸಾರ್ ಒಪ್ಪಂದದ ನಡುಗಂಬವೇ ವಿವೇಕದ ಬಳಕೆ. ಒಡಿಶಾದ ಚಿಲಿಕಾ 1981ರಿಂದ ಆ ಪಟ್ಟಿಯಲ್ಲಿದೆ, ಮೀನುಗಾರರು ಇಂದಿಗೂ ಅಲ್ಲಿ ಬಲೆ ಬೀಸುತ್ತಿದ್ದಾರೆ. ಹೂಳು ತುಂಬಿ ಸರೋವರ ಸೊರಗಿದಾಗ 1993ರಲ್ಲಿ ಅದು ಅಪಾಯದಲ್ಲಿರುವ ತಾಣಗಳ ಮಾಂಟ್ರೋ ದಾಖಲೆಗೆ ಸೇರಿತು. 2000ದಲ್ಲಿ ಕಡಲಿಗೆ ಹೊಸ ಬಾಯಿ ತೆರೆದರು. 1999–2000ರಲ್ಲಿ ಎರಡು ಸಾವಿರ ಟನ್ನಿಗೂ ಕೆಳಗಿದ್ದ ಮೀನಿನ ಇಳುವರಿ ಎರಡೇ ವರ್ಷಗಳಲ್ಲಿ ಹತ್ತು ಸಾವಿರ ಟನ್ ದಾಟಿತು. 2002ರಲ್ಲಿ ಚಿಲಿಕಾ ಅಪಾಯದ ದಾಖಲೆಯಿಂದ ಹೊರಬಂತು. ಅದು ಪಟ್ಟಿಯಲ್ಲಿದ್ದದ್ದರಿಂದಲೇ ಸರ್ಕಾರ ಉತ್ತರ ಹೇಳಬೇಕಾಯಿತು.

ಇನ್ನು ಬಡವರ ಹೊಟ್ಟೆಯ ಮಾತು. ಅಘನಾಶಿನಿ ಅಳಿವೆಯ ದಂಡೆಯ ತದಡಿಯಲ್ಲಿ 4,000 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರದ ಪ್ರಸ್ತಾವ ಬಂದಾಗ, ಆಮೇಲೆ ಬಂದರಿನ ಮಾತು ಬಂದಾಗ, ಬಳಚು ಹೆಕ್ಕುವ ಹೆಂಗಸರ ಹೊಟ್ಟೆಯ ಲೆಕ್ಕ ಯಾವ ಯೋಜನಾ ವರದಿಯ ಮುಖಪುಟದಲ್ಲಿತ್ತು? ಬಡವರ ನೆನಪು ಸಂರಕ್ಷಣೆಯ ಮಾತು ಬಂದಾಗ ಮಾತ್ರ ಬರುವುದಾದರೆ ಅದನ್ನು ಕಾಳಜಿ ಎನ್ನಲು ಮನಸ್ಸು ಬಾರದು.

ನಾಲ್ಕು: ‘ಎಲ್ಲ ನದಿಯೂ ಮುಖ್ಯ. ಕೆಲವನ್ನು ಆರಿಸಿದರೆ ಉಳಿದವನ್ನು ಕೈಬಿಟ್ಟಂತೆ.’

ಇದು ಸ್ನೇಹಿತರ ಪಾಳಯದಿಂದ ಬರುವ ಆಕ್ಷೇಪ. ಎಲ್ಲ ನದಿಯೂ ಮುಖ್ಯ ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ: ಎಲ್ಲವನ್ನೂ ಒಂದೇ ಉಸಿರಿನಲ್ಲಿ ಕಾಯುತ್ತೇವೆ ಎಂದವರು ಯಾವುದನ್ನೂ ಕಾದದ್ದಿಲ್ಲ. ನಮ್ಮ ಹಿರಿಯರಿಗೂ ಇದು ಗೊತ್ತಿತ್ತು. ತುಂಗೆಯುದ್ದಕ್ಕೂ ಮೀನು ಹಿಡಿಯುತ್ತಿದ್ದ ಜನ ಶೃಂಗೇರಿಯ ಮಠದ ಮುಂದಿನ ಮಡುವಿನಲ್ಲಿ ಹಿಡಿಯಲಿಲ್ಲ. ತೀರ್ಥಹಳ್ಳಿಯ ಚಿಪ್ಪಲಗುಡ್ಡೆ, ಕಾವೇರಿಯ ರಾಮನಾಥಪುರ, ಕಪಿಲೆಯ ಶಿಶಿಲ, ಇವೆಲ್ಲ ಆರಿಸಿ ಬಿಟ್ಟ ಮಡುಗಳು. ಒಂದು ಮಡು ಉಳಿದರೆ ಅಲ್ಲಿಂದ ಮೀನು ಹೊಳೆಯುದ್ದಕ್ಕೂ ಹರಡುತ್ತದೆ ಎಂಬ ತಿಳಿವು ಅದರ ಹಿಂದಿತ್ತು. ಅದೇ ದಾರಿಯಲ್ಲಿ 2015ರಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು ನೀರುನಾಯಿಗಳಿಗೆಂದು ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು.

ಆರಿಸುವುದಕ್ಕೆ ಇನ್ನೊಂದು ಕಾರಣ, ಕೆಲವು ಜೀವಿಗಳಿಗೆ ಬೇರೆ ಮನೆಯೇ ಇಲ್ಲ. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಕಿತ್ತಳೆ ರೆಕ್ಕೆಯ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ಅಂಚಿಗೆ ಬಂದ ಜೀವಿಗಳ ಸಾಲಿಗೆ ಸೇರಿಸಿದರು. ಅದು ಕಾವೇರಿಯಲ್ಲಿ ಹೋದರೆ ಲೋಕದಿಂದಲೇ ಹೋದಂತೆ. ಉಳಿದ ನದಿಗಳ ಮೇಲೆ ಎಷ್ಟೇ ಪ್ರೀತಿ ಇದ್ದರೂ ಅವು ಈ ನಷ್ಟವನ್ನು ತುಂಬಿಕೊಡಲಾರವು.

ಐದು: ‘ನಮ್ಮಲ್ಲಿ ಮಾಹಿತಿಯೇ ಇಲ್ಲ. ಪೂರ್ತಿ ಅಧ್ಯಯನವಾಗಲಿ, ಆಮೇಲೆ ನೋಡೋಣ.’

ಅಧ್ಯಯನ ಬೇಡ ಎಂದವರು ಯಾರೂ ಇಲ್ಲ. ಆದರೆ ಅಧ್ಯಯನದ ಹೆಸರಿನಲ್ಲಿ ಕಾಯಿಸುವಾಗ ಯೋಜನೆಗಳು ಮಾತ್ರ ಕಾಯುವುದಿಲ್ಲ. ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಉಪಗ್ರಹ ಚಿತ್ರಗಳಿಂದ 2.25 ಹೆಕ್ಟೇರಿಗಿಂತ ದೊಡ್ಡ 2,31,195 ಜೌಗು ಪ್ರದೇಶಗಳನ್ನು ದೇಶದಲ್ಲಿ ಗುರುತಿಸಿಕೊಟ್ಟಿದೆ. ಅವುಗಳನ್ನು ನೆಲದ ಮೇಲೆ ಹೋಗಿ ತಾಳೆ ನೋಡಿ, ಗಡಿ ಹಾಕಿ ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತ್ತು. ಪಟ್ಟಿ ಕೈಯಲ್ಲಿದೆ. ಕೊರತೆ ಇರುವುದು ಹೆಜ್ಜೆ ಇಡುವುದರಲ್ಲಿ.

ಉಪಗ್ರಹಕ್ಕೆ ಕಾಣದ್ದೂ ಇದೆ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು ದಟ್ಟ ಎಲೆ ಚಪ್ಪರದ ಅಡಿಯಲ್ಲಿ, ಹಳ್ಳದ ಬದಿಯಲ್ಲಿ ಕಿರಿದಾಗಿ ಹರಡಿರುವ ಜೌಗುಗಳು. ಅಲ್ಲಿನ ಒಂದು ಮರವನ್ನು ಸಸ್ಯಶಾಸ್ತ್ರ ಹೊಸ ಪ್ರಭೇದವೆಂದು ದಾಖಲಿಸಿದ್ದು 2000ದಲ್ಲಿ. ಹೆಸರಿನಲ್ಲೇ ಕತ್ತಲೆಕಾನು ಇದೆ. ಪೂರ್ತಿ ಅಧ್ಯಯನದವರೆಗೆ ಕಾಯೋಣ ಎಂದು ಆ ಜಡ್ಡಿಯನ್ನು ಮೊದಲೇ ತೋಟ ಮಾಡಿಬಿಟ್ಟಿದ್ದರೆ ಆ ಮರ ಇತ್ತೆಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ. ಇಂಥ ಜಾಗಗಳನ್ನು ತೋರಿಸಬಲ್ಲವರು ಊರಿನವರು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಒಂದು ನಿರ್ವಹಣಾ ಸಮಿತಿ, ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಆ ಪುಸ್ತಕವನ್ನು ಗುತ್ತಿಗೆ ಕೊಟ್ಟು ಬರೆಸುವ ಬದಲು ಅಂಬಿಗರು, ಹಾಲಕ್ಕಿ ಒಕ್ಕಲಿಗರು, ಕೆರೆ ಕೆಳಗಿನ ರೈತರು ಕೂತು ಬರೆದರೆ ಮಾಹಿತಿಯ ಅರ್ಧ ಕೊರತೆ ಅಲ್ಲಿಯೇ ನೀಗುತ್ತದೆ.

ಆರು: ‘ಪಟ್ಟಿಗೆ ಸೇರಿದವುಗಳ ಗತಿ ನೋಡಿ. ಫಲಕ ಬಂತು, ಬೇರೇನೂ ಬರಲಿಲ್ಲ.’

ಈ ಮಾತಿನಲ್ಲಿ ಬಹಳಷ್ಟು ಸತ್ಯವಿದೆ. ಅಸ್ಸಾಮಿನ ದೀಪೋರ್ ಬೀಲ್ 2002ರಿಂದ ರಾಮ್ಸಾರ್ ತಾಣ. ಗುವಾಹಟಿಯ ಕಸ ಬೀಳುತ್ತಿದ್ದದ್ದು ಅದರ ಮಗ್ಗುಲಲ್ಲೇ. ಕೇವಲಾದೇವ 1990ರಲ್ಲಿ ಮಾಂಟ್ರೋ ದಾಖಲೆಗೆ ಸೇರಿದ್ದು ಇನ್ನೂ ಹೊರಬಂದಿಲ್ಲ. ಗಂಭೀರ್ ನದಿಗೆ ಮೇಲುಗಡೆ ಕಟ್ಟಿದ ಪಾಂಚನಾ ಅಣೆಕಟ್ಟು ಅದರ ನೀರನ್ನು ತಡೆಯಿತು. ಉದ್ಯಾನದ ಗಡಿ ಭದ್ರವಾಗಿತ್ತು, ಆದರೆ ಅದರ ನೀರು ಗಡಿಯ ಹೊರಗಿತ್ತು.

ಇಲ್ಲಿಂದ ಕಲಿಯಬೇಕಾದದ್ದು, ಗುರುತಿಸುವ ಕ್ರಮವನ್ನೇ ತಿದ್ದಬೇಕು ಎಂಬುದು. ಅಘನಾಶಿನಿಯ 4,801 ಹೆಕ್ಟೇರ್ ಅಳಿವೆಯನ್ನು ಪಟ್ಟಿಗೆ ಸೇರಿಸಿ, ಶಿರಸಿ–ಸಿದ್ದಾಪುರದ ಮೇಲ್ಭಾಗದಲ್ಲಿ ನದಿ ತಿರುಗಿಸುವ ಯೋಜನೆಗಳನ್ನು ಮೇಜಿನ ಮೇಲಿಟ್ಟುಕೊಂಡರೆ ನಾಳೆ ಅಘನಾಶಿನಿಯೂ ಇನ್ನೊಂದು ಕೇವಲಾದೇವವಾಗುತ್ತದೆ. ಅಳಿವೆಯ ಜೊತೆಗೇ ಅದರ ನದಿಯನ್ನೂ, ಕೆರೆಯ ಜೊತೆಗೇ ಅದಕ್ಕೆ ನೀರು ತರುವ ರಾಜಕಾಲುವೆಯನ್ನೂ, ಜಡ್ಡಿಯ ಜೊತೆಗೇ ಅದರ ಮೇಲಿನ ಕಾನನ್ನೂ ಗುರುತಿಸಬೇಕು. ನದಿಪಾತ್ರವನ್ನೂ ನೀರಾವರಿ ಕೆರೆಗಳನ್ನೂ ಹೊರಗಿಟ್ಟ ವ್ಯಾಖ್ಯೆ ಬದಲಾಗಬೇಕು. ಅಮೆರಿಕ 1968ರಲ್ಲೇ ಕೆಲವು ನದಿಗಳನ್ನು ಅಣೆಕಟ್ಟಿಲ್ಲದೆ ಹರಿಯಬಿಡಲು ಕಾನೂನು ಮಾಡಿತು. ನಮ್ಮಲ್ಲಿ ಇಂದಿಗೂ ಅಂಥದ್ದೊಂದಿಲ್ಲ.

ಆರೂ ಆಕ್ಷೇಪಗಳ ತಳದಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ಸಾಬೀತು ಮಾಡುವ ಹೊಣೆ ಯಾರದು? ಗುರುತಿಸದ ನದಿ ಪಹಣಿಯಲ್ಲಿ ಹೆಸರಿಲ್ಲದ ಜಮೀನಿನ ಹಾಗೆ. ಬಂದವರು ಬೇಲಿ ಹಾಕುತ್ತಾರೆ, ಕಳೆದುಕೊಂಡವರು ದಾಖಲೆ ಹುಡುಕುತ್ತಾ ಕಚೇರಿಗಳಿಗೆ ಅಲೆಯುತ್ತಾರೆ. ಇಂದು ಒಂದು ಯೋಜನೆ ಬಂದಾಗ ನದಿಯಲ್ಲಿ ಏನಿದೆ ಎಂದು ತೋರಿಸುವ ಕೆಲಸ ಮೀನುಗಾರರದ್ದು, ರೈತರದ್ದು, ಕೈಯಿಂದ ಹಣ ಹಾಕಿ ಓಡಾಡುವ ಕೆಲವು ಸಂಶೋಧಕರದ್ದು. ಅದೂ ಟೆಂಡರ್ ಕರೆದ ಮೇಲೆ, ನ್ಯಾಯಾಲಯದ ಮೆಟ್ಟಿಲ ಬಳಿ. ಮೊದಲೇ ಗುರುತಿಸಿಟ್ಟರೆ ಈ ಭಾರ ಮಗ್ಗುಲು ಬದಲಿಸುತ್ತದೆ. ಇಲ್ಲಿ ಇಷ್ಟು ಮೀನಿದೆ, ಇಷ್ಟು ಹಕ್ಕಿಯಿದೆ, ಇಷ್ಟು ಮನೆಗಳ ಒಲೆ ಉರಿಯುತ್ತದೆ ಎಂಬುದು ದಾಖಲೆಯಲ್ಲಿರುತ್ತದೆ; ಅದನ್ನು ಕೆಡಿಸದೆ ನಿಮ್ಮ ಯೋಜನೆ ಹೇಗೆ ನಡೆಯುತ್ತದೆ ಎಂದು ವಿವರಿಸಬೇಕಾದವರು ಯೋಜನೆ ತಂದವರು. ಪಟ್ಟಿಯನ್ನು ವಿರೋಧಿಸುವವರಿಗೆ ಇಷ್ಟು ಕೇಳುತ್ತೇನೆ: ನಿಮ್ಮ ಯೋಜನೆಯಿಂದ ನದಿಗೆ ಹಾನಿಯಿಲ್ಲವೆಂದು ನಿಮಗೆ ಖಾತ್ರಿಯಿದ್ದರೆ, ಆ ನದಿಯಲ್ಲಿ ಏನಿದೆ ಎಂದು ಮೊದಲೇ ಬರೆದಿಡಲು ನಿಮ್ಮ ಅಭ್ಯಂತರವೇನು?